ಹಗ್ಗದಲ್ಲಿ ಕಂಡ ಹಾವು

ಮುಸ್ಸಂಜೆಯ ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವನ್ನು ವೇದಾಂತ ಪ್ರವಚನಗಳಲ್ಲಿ ಕೇಳದವರು ವಿರಳ. ದೀಪವನ್ನು ತಂದೊಡನೆ ಹಾವು ಮಾಯವಾಗಿ ಹಗ್ಗವು ಉಳಿಯುತ್ತದೆ. ಆದರೆ ದೀಪವು ಬರುವುದಕ್ಕೆ ಮುನ್ನವೇ ಅವನು ಹಿಂದಕ್ಕೆ ನೆಗೆದಿದ್ದನಲ್ಲವೆ? ಆ ನೆಗೆತವು ಯಾರ ಅಪ್ಪಣೆಯಿಂದ ನಡೆಯಿತು?

ನಮ್ಮ ಮೆದುಳಿನ ಒಳಗೆ, ಎಡಬಲಗಳೆರಡರಲ್ಲಿಯೂ, ಬಾದಾಮಿಯ ಆಕಾರದ ಪುಟ್ಟ ಭಾಗವೊಂದುಂಟು. ಅದಕ್ಕೆ ಅಮಿಗ್ಡಲಾ ಎಂದು ಹೆಸರು. ಅಪಾಯದ ಸುದ್ದಿಯು ಇದನ್ನು ಎರಡು ದಾರಿಗಳಿಂದ ತಲುಪುವುದೆಂದು ಅಮೆರಿಕದ ವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಒಂದು ದಾರಿಯು ಶೀಘ್ರವಾದುದು, ಆದರೆ ಒರಟಾದುದು. ಇನ್ನೊಂದು ಮೆದುಳಿನ ಹೊರಪದರವನ್ನು ಬಳಸಿಕೊಂಡು, ವಿಚಾರಿಸಿ, ತಡವಾಗಿ ಬರುವಂಥದು. ಹಗ್ಗವನ್ನು ಹಾವೆಂದರೆ ನಷ್ಟವು ಅಲ್ಪ. ಹಾವನ್ನು ಹಗ್ಗವೆಂದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಈ ಕಾವಲುಗಾರನು ಅತಿಯಾಗಿ ಬೆದರುವುದು ಅವನ ದೋಷವಲ್ಲ.

ತೊಡಕು ಹುಟ್ಟುವುದು ಆಮೇಲೆ. ನನ್ನ ದೊಡ್ಡಮ್ಮನವರು ಒಂದು ಮಳೆಗಾಲದಲ್ಲಿ ದೇವಸ್ಥಾನದ ಕೆರೆಯ ಮೆಟ್ಟಿಲಿನಲ್ಲಿ ಜಾರಿಬಿದ್ದರು. ಮೂಳೆ ಮುರಿಯಲಿಲ್ಲ, ಮೊಣಕಾಲು ತರಚಿತು, ಅಷ್ಟೆ. ಅಂದಿನಿಂದ ಕೆರೆಗಿಳಿಯುವುದನ್ನು ಬಿಟ್ಟರು. ಯಾರೂ ಆಕ್ಷೇಪಿಸಲಿಲ್ಲ. ತರುವಾಯ ಪ್ರದಕ್ಷಿಣೆಯು ನಿಂತಿತು. ಕಡೆಗೆ ಮನೆಯ ಜಗಲಿಯಿಂದಲೇ ಪೂಜೆಯ ಗಂಟೆಗೆ ಕೈಮುಗಿಯತೊಡಗಿದರು. ಕೇಳಿದರೆ, “ದೇವರು ಎಲ್ಲ ಕಡೆಯೂ ಇದ್ದಾನೆ, ಮಗೂ” ಎನ್ನುವರು. ಮಾತು ಸತ್ಯವೇ, ಕಾರಣವು ಮಾತ್ರ ಅದಲ್ಲ.

ಹೊರಡದೆ ಉಳಿದಾಗಲೆಲ್ಲ ಎದೆಯ ಬಡಿತವು ಇಳಿಯುತ್ತದೆ. ಆ ನೆಮ್ಮದಿಯೇ ಬಹುಮಾನವಾಗಿ, ಮಾರನೆಯ ದಿನವೂ ಉಳಿಯುವುದನ್ನು ಕಲಿಸುತ್ತದೆ. ಮೆಟ್ಟಿಲು ಜಾರುವುದಿಲ್ಲವೆಂದು ಕಾಲಿಗೆ ತಿಳಿಯುವ ಅವಕಾಶವೇ ಒದಗುವುದಿಲ್ಲ. ಮೇಲಾಗಿ ವೃದ್ಧಾಪ್ಯದಲ್ಲಿ ನಡೆಯದ ಕಾಲು ಬೇಗನೆ ಬಲಗುಂದುತ್ತದೆ; ಬೀಳುವ ಭಯದಿಂದ ಕುಳಿತವರಿಗೇ ಬೀಳುವ ಸಂಭವವು ಹೆಚ್ಚುತ್ತದೆ. ಪಾಚಿಗಟ್ಟಿದ ಮೆಟ್ಟಿಲಿನ ಭಯವು ಭ್ರಮೆಯಲ್ಲ, ಅದು ವಿವೇಕ. ಪಾಚಿಯನ್ನು ಕೆರೆದು ತೆಗೆದ ಮೇಲೂ ಉಳಿಯುವ ಭಯವನ್ನು ಕುರಿತು ಇಲ್ಲಿ ಹೇಳುತ್ತಿರುವುದು.

ಇದಕ್ಕೆ ಉಪಾಯವುಂಟೆ? ಮೇರಿ ಕವರ್ ಜೋನ್ಸ್ ಎಂಬ ವಿದುಷಿಯು 1924ರಲ್ಲಿ ಪೀಟರ್ ಎಂಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಸುಮಾರು ಮೂರು ವರ್ಷದ ಆ ಮಗುವಿಗೆ ಮೊಲವೆಂದರೆ ಭಯ. ತುಪ್ಪಳದ ಕೋಟು, ಹತ್ತಿ ಇವುಗಳಿಗೂ ಅಂಜುತ್ತಿದ್ದನು. ಮೊಲಕ್ಕೆ ಹೆದರದ ಮಕ್ಕಳೊಡನೆ ಆಡಗೊಟ್ಟಾಗ ಅವನು ಕೊಂಚ ಸುಧಾರಿಸಿದನು. ಅಷ್ಟರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದನು. ಹಿಂದಿರುಗುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಬೆದರಿಸಿತು. ಹಳೆಯ ಭಯವೆಲ್ಲವೂ ಮರಳಿತು. ಆ ವಿದುಷಿಯು ನಿರಾಶರಾಗಲಿಲ್ಲ. ಅವನು ಇಷ್ಟದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿರಿಸಿ, ಅವನು ಸಹಿಸುವಷ್ಟೇ, ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಅವನು ತನ್ನ ಬೆರಳುಗಳನ್ನು ಮೊಲವು ಮೆಲ್ಲನೆ ಕಚ್ಚಿದರೂ ಅಂಜದೆ ನಿಂತನು. ಹಳೆಯ ಭಯವು ಅಳಿಸಿಹೋಗುವುದಿಲ್ಲ, ಹೊಸ ಪಾಠವು ಅದರ ಮೇಲೆ ಕೂರುತ್ತದೆ ಎಂಬುದು ಮುಂದಿನ ಸಂಶೋಧಕರ ಅಭಿಪ್ರಾಯ. ಭಯವು ನಡುವೆ ಮರುಕಳಿಸುವುದೂ ಇದರಿಂದಲೇ.

ಜೀರ್ಣೋದ್ಧಾರದಲ್ಲಿ ನಮ್ಮ ಕೆರೆಯ ಮೆಟ್ಟಿಲುಗಳೂ ದುರಸ್ತಿಯಾದುವು. ದೊಡ್ಡಮ್ಮನವರನ್ನು ಮೊಮ್ಮಗಳು ಕೈಹಿಡಿದು ಮೊದಲ ವಾರ ಹೆಬ್ಬಾಗಿಲಿನವರೆಗೆ, ಆಮೇಲೆ ಕೆರೆಯ ದಂಡೆಯವರೆಗೆ ಕರೆತಂದಳು. ಈಗ ಮೂರನೆಯ ಮೆಟ್ಟಿಲಿಗಿಳಿದು ಕಾಲು ತೊಳೆಯುತ್ತಾರೆ. ನಾಲ್ಕನೆಯದರ ಮಾತನ್ನು ನಾವಿನ್ನೂ ಎತ್ತಿಲ್ಲ.