ಬೇಸಿಗೆಯ ಅರ್ಜಿ ದಸರೆಗೇ ಹಾಕಿ

ಮಕ್ಕಳೇ, ಪರೀಕ್ಷೆ ಮುಗಿದ ಮೇಲೆ "ಸರ್, ರಜೆಯಲ್ಲಿ ಮಾಡೋಕೆ ಏನಾದರೂ ಕೋರ್ಸು, ಇಂಟರ್ನ್‌ಶಿಪ್ಪು ಇದ್ದರೆ ಹೇಳಿ" ಎಂದು ಕೇಳಿಕೊಂಡು ಬರುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಅಷ್ಟು ಹೊತ್ತಿಗೆ ಒಳ್ಳೆಯ ಅವಕಾಶಗಳ ಗಡುವು ಮುಗಿದು ತಿಂಗಳುಗಳೇ ಆಗಿರುತ್ತವೆ. ತಾಲ್ಲೂಕು ಕಾಲೇಜಿನ ಮಕ್ಕಳು ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ, ಸುದ್ದಿ ಮಾತ್ರ ತಡವಾಗಿ ತಲುಪುತ್ತದೆ. ಇಷ್ಟು ವರ್ಷ ಪಾಠ ಮಾಡಿದವನಾಗಿ ನನಗೆ ಇದು ಸಹಿಸಲಾಗದ ಸಂಗತಿ. ಅದಕ್ಕೇ ಈ ಕಿವಿಮಾತು.

- ಮೊದಲು ತಿಂಗಳು ಗೊತ್ತಿರಲಿ. ಬೇಸಿಗೆಯ ದೊಡ್ಡ ಅವಕಾಶಗಳಿಗೆ ಅರ್ಜಿ ಕರೆಯುವುದು ಬಹುಮಟ್ಟಿಗೆ ದಸರೆಯಿಂದ ಸಂಕ್ರಾಂತಿಯೊಳಗೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದರೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ, ಜೊತೆಗೆ ಸ್ಟೈಪೆಂಡ್. ಇದರ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ. ವಿಜ್ಞಾನ, ಎಂಜಿನಿಯರಿಂಗ್ ಓದುವವರನ್ನು ಜರ್ಮನಿಗೆ ಕರೆಸಿಕೊಳ್ಳುವ ಡಾಡ್ (DAAD) ಸಂಸ್ಥೆಯ ವೈಸ್ (WISE) ಯೋಜನೆಯದೂ ಅದೇ ಕಾಲ. ಸ್ನಾತಕೋತ್ತರ ಮತ್ತು ಕಾನೂನು ವಿದ್ಯಾರ್ಥಿಗಳಿಗೆ ರಿಸರ್ವ್ ಬ್ಯಾಂಕಿನ ಬೇಸಿಗೆ ತರಬೇತಿ ಇದೆ, ಅದಕ್ಕೂ ವರ್ಷದ ಕೊನೆಯಲ್ಲೇ ಅರ್ಜಿ. ಗಡುವು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸರಿಯುತ್ತದೆ. ಆಯುಧಪೂಜೆಯ ರಜೆಯಲ್ಲಿ ಒಂದು ದಿನ ಕುಳಿತು ಆಯಾ ಸಂಸ್ಥೆಯ ಜಾಲತಾಣವನ್ನೇ ನೋಡಿ, ವಾಟ್ಸಾಪಿನಲ್ಲಿ ಬಂದದ್ದನ್ನಲ್ಲ.

- ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಬಿ.ಎಸ್ಸಿ.ಯವರು ಬಿಡಬೇಡಿ. ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಅಲ್ಲದೆ, ಜೀವವಿಜ್ಞಾನ ಮತ್ತು ರಸಾಯನವಿಜ್ಞಾನದವರಿಗೆಂದೇ ಒಂದೊಂದು ಯೋಜನೆ ಇದೆ, ಪೋಬ್ (POBE) ಮತ್ತು ಪೋಸ್ (POCE) ಅಂತ. ಅವು ಒಂದೇ ರಜೆಗೆ ಮುಗಿಯುವುದಿಲ್ಲ, ಪದವಿಯ ಉದ್ದಕ್ಕೂ ಬೇಸಿಗೆ ಬೇಸಿಗೆಗೂ ಕರೆಸಿಕೊಂಡು ಕಲಿಸುತ್ತಾರೆ. ಆಯ್ಕೆಯಾಗುವವರು ಕೆಲವೇ ಮಂದಿ. ಹಾಗೆಂದು ಅರ್ಜಿ ಹಾಕದೇ ಇರುವುದಕ್ಕೆ ಕಾರಣವಿಲ್ಲ.

- ಗಣಿತ ಇಷ್ಟಪಡುವವರಿಗೆ ಎಂಟಿಟಿಎಸ್. ಪ್ರೊ. ಎಸ್. ಕುಮರೇಶನ್ 1993ರಲ್ಲಿ ಶುರುಮಾಡಿದ ನಾಲ್ಕು ವಾರದ ಶಿಬಿರ ಇದು. ಇಲ್ಲಿ ನೋಟ್ಸ್ ಬರೆಸುವುದಿಲ್ಲ. ಪ್ರಶ್ನೆ ಕೇಳುತ್ತಾ ಕೇಳುತ್ತಾ ಪ್ರಮೇಯವನ್ನು ನಿಮ್ಮ ಬಾಯಿಂದಲೇ ಹೊರಡಿಸುತ್ತಾರೆ. ಮೊದಲ ವಾರ ಅಳು ಬಂದರೂ ಬರಬಹುದು, ಓಡಿ ಬರಬೇಡಿ. ಗೈಡು ಓದಿ ರ‍್ಯಾಂಕ್ ಬಂದ ಹುಡುಗರಿಗೆ ಗಣಿತ ಎಂದರೆ ಏನೆಂದು ಮೊದಲ ಸಲ ಗೊತ್ತಾಗುವ ಜಾಗ ಅದು. ಇಂಥದ್ದು ಎಲ್ಲ ವಿಷಯಕ್ಕೂ ಇರಬೇಕಿತ್ತು ಎಂದು ನನ್ನ ಆಸೆ.

- ಶಿಫಾರಸು ಪತ್ರವನ್ನು ಗಡುವಿನ ಹಿಂದಿನ ದಿನ ಕೇಳಬೇಡಿ. ಮೂರು ವಾರ ಮೊದಲೇ ಮೇಷ್ಟ್ರ ಹತ್ತಿರ ಹೋಗಿ, ಅಂಕಪಟ್ಟಿಯ ಜೆರಾಕ್ಸ್, ನೀವು ಬರೆದ ಅರ್ಜಿಯ ಪ್ರತಿ ಕೊಡಿ. "ಒಳ್ಳೆಯ ಹುಡುಗಿ, ಶಿಸ್ತಿನವಳು" ಎಂಬ ಪತ್ರದಿಂದ ಏನೂ ಆಗುವುದಿಲ್ಲ. "ಟೈಟ್ರೇಷನ್ ತಪ್ಪಾದಾಗ ಎಲ್ಲರೂ ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದರು, ಇವಳು ಮಾತ್ರ ಮತ್ತೆ ಮಾಡಿದಳು" ಎಂದು ಬರೆಯಬೇಕಾದರೆ ಅವರು ನಿಮ್ಮನ್ನು ನೋಡಿರಬೇಕು. ಲ್ಯಾಬಿನಲ್ಲಿ, ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರಶ್ನೆ ಹಿಡಿದು ನಿಂತವರನ್ನು ಯಾವ ಮೇಷ್ಟ್ರೂ ಮರೆಯುವುದಿಲ್ಲ.

- ಯೋಜನೆ ಗೀಜನೆ ಇಲ್ಲದೆ ನೇರವಾಗಿ ವಿಜ್ಞಾನಿಗೆ, ಪ್ರಾಧ್ಯಾಪಕರಿಗೆ ಇಮೇಲ್ ಬರೆದೂ ಅವಕಾಶ ಪಡೆಯಬಹುದು. ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸಿದರೆ ಒಬ್ಬರೂ ಓದುವುದಿಲ್ಲ. ಅವರ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಅರ್ಥವಾದದ್ದು ಯಾವುದು, ಆಗದ್ದು ಯಾವುದು ಎಂದು ಎರಡು ಸಾಲು ಬರೆಯಿರಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬಿಡುವಿದೆ ಎಂಬುದನ್ನು ತಿಳಿಸಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬೇರೆಯವರಿಗೆ ಬರೆಯಿರಿ.

- ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೊಳ್ಳಬೇಡಿ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ. ವಿಶ್ವವಿದ್ಯಾಲಯ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದೆ ಎಂದ ಕೂಡಲೇ ಊರೂರಲ್ಲಿ ಎರಡು ಕೋಣೆಯ ಕಂಪನಿಗಳು ತೆರೆದುಕೊಂಡಿವೆ. ಕೆಲವು ಸಾವಿರ ಕೊಟ್ಟರೆ ನಾಲ್ಕು ವಾರ ಕೆಲಸ ಮಾಡಿದ್ದೀರಿ ಎಂದು ಮುದ್ರೆ ಒತ್ತಿ ಕೊಡುತ್ತಾರೆ, ಪ್ರಾಜೆಕ್ಟ್ ವರದಿಯೂ ಸಿದ್ಧ. ನಾಳೆ ಸಂದರ್ಶನದಲ್ಲಿ "ಅಲ್ಲಿ ಏನು ಮಾಡಿದೆಯಮ್ಮಾ?" ಎಂಬ ಒಂದೇ ಪ್ರಶ್ನೆಗೆ ಆ ಕಾಗದ ಉತ್ತರ ಕೊಡುವುದಿಲ್ಲ. ನಿಮ್ಮಪ್ಪ ಆ ದುಡ್ಡನ್ನು ಎಲ್ಲಿಂದ ತಂದರು ಎಂಬುದನ್ನೂ ಯೋಚಿಸಿ. ಕೆಲವು ಸರ್ಕಾರಿ ಕಾರ್ಖಾನೆಗಳು ತರಬೇತಿಗೆ ಅಧಿಕೃತವಾಗಿ ಶುಲ್ಕ ತೆಗೆದುಕೊಳ್ಳುತ್ತವೆ, ನಿಜ. ಅಲ್ಲಿ ಕಾಲೇಜಿನ ಪತ್ರ ಕೇಳುತ್ತಾರೆ, ರಸೀದಿ ಕೊಡುತ್ತಾರೆ, ಯಂತ್ರದ ಮುಂದೆ ನಿಲ್ಲಿಸುತ್ತಾರೆ. ಫೋನ್‌ಪೇ ನಂಬರು ಕಳಿಸಿ "ಇವತ್ತೇ ಸೀಟು ಬುಕ್ ಮಾಡಿ" ಎನ್ನುವವರು ಬೇರೆ.

- ಊರು ಬಿಡಲಾಗದವರಿಗೆ ಆನ್‌ಲೈನಿನಲ್ಲಿ ಸ್ವಯಂ, ಎನ್‌ಪಿಟೆಲ್ ಇವೆ. ಐಐಟಿ, ಐಐಎಸ್‌ಸಿಯ ಮೇಷ್ಟ್ರುಗಳ ಪಾಠ. ನಾಲ್ಕು, ಎಂಟು, ಹನ್ನೆರಡು ವಾರದ ಕೋರ್ಸುಗಳು ಜನವರಿ ಮತ್ತು ಜುಲೈ ಹೊತ್ತಿಗೆ ಶುರುವಾಗುತ್ತವೆ. ಸೇರಲು ಹಣವಿಲ್ಲ. ಎನ್‌ಪಿಟೆಲ್‌ನಲ್ಲಿ ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಆ ಪರೀಕ್ಷೆಗೆ ಮಾತ್ರ ಶುಲ್ಕ, ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಅದರಲ್ಲಿ ರಿಯಾಯಿತಿ. ಸೆಮಿಸ್ಟರಿನ ಶೇಕಡ 40ರವರೆಗಿನ ಕ್ರೆಡಿಟ್‌ಗಳನ್ನು ಸ್ವಯಂ ಮೂಲಕ ಪಡೆಯಲು ಯುಜಿಸಿ ಒಪ್ಪಿದೆ. ನಿಮ್ಮ ವಿಶ್ವವಿದ್ಯಾಲಯ ಯಾವ ಕೋರ್ಸಿಗೆ ಒಪ್ಪುತ್ತದೆ ಎಂದು ಸೇರುವ ಮೊದಲೇ ಪ್ರಿನ್ಸಿಪಾಲರಲ್ಲಿ ಕೇಳಿ, ಬರಹದಲ್ಲಿ ಪಡೆಯಿರಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ವಿಚಾರಿಸಿ. ಒಬ್ಬರೇ ಸೇರಬೇಡಿ. ಇಬ್ಬರು ಮೂವರು ಗೆಳೆಯರು ಒಟ್ಟಿಗಿದ್ದರೆ ನಾಲ್ಕನೇ ವಾರದಲ್ಲಿ ಕೈಬಿಡುವ ಭಯ ಕಡಿಮೆ.

- ವಾಣಿಜ್ಯ ಓದುವವರೇ, ನಿಮ್ಮ ಇಂಟರ್ನ್‌ಶಿಪ್ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಇರಬಹುದು. ಊರಿನ ಆಡಿಟರ್ ಕಚೇರಿಯಲ್ಲಿ ಮೇ, ಜೂನ್ ಎಂದರೆ ಕೈತುಂಬ ಕೆಲಸ. ಅಂಗಡಿಯವರು ಚೀಲದಲ್ಲಿ ತಂದು ಸುರಿಯುವ ಬಿಲ್ಲುಗಳನ್ನು ವಿಂಗಡಿಸಿ ಟ್ಯಾಲಿಗೆ ಏರಿಸುವುದನ್ನು ಕಲಿತರೆ, ಪುಸ್ತಕದಲ್ಲಿ ಒಣಗಿಕೊಂಡಿದ್ದ ಜಮಾ ಖರ್ಚಿಗೆ ಜೀವ ಬರುತ್ತದೆ. ಸಹಕಾರ ಸಂಘಗಳನ್ನೂ ನೋಡಿ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಬೆಳೆಸಾಲ ಹೇಗೆ ಮಂಜೂರಾಗುತ್ತದೆ, ವಸೂಲಿ ಏಕೆ ನಿಲ್ಲುತ್ತದೆ ಎಂದು ಒಂದು ಸಂಘದ ಲೆಕ್ಕ ನೋಡಿ ಬರೆದ ವರದಿ ಯಾವ ಎಂಬಿಎ ಸಂದರ್ಶನದಲ್ಲೂ ನಿಲ್ಲುತ್ತದೆ.

- ಕಾನೂನು ವಿದ್ಯಾರ್ಥಿಗಳಿಗೆ ಬಾರ್ ಕೌನ್ಸಿಲ್ ನಿಯಮವೇ ಇದೆ: ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ ಇಂಟರ್ನ್‌ಶಿಪ್, ಐದು ವರ್ಷದ್ದಕ್ಕೆ 20 ವಾರ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮೊದಲು ಕೇಳಿ.

- ಕನ್ನಡ, ಇತಿಹಾಸ ಓದುವವರು ತಮಗೇನೂ ಇಲ್ಲ ಎಂದುಕೊಳ್ಳಬೇಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಸಂಸ್ಕೃತಿ ಶಿಬಿರ ನಡೆಸುತ್ತದೆ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಹಗಲು ಚರ್ಚೆ, ರಾತ್ರಿ ನಾಟಕ, ಪಕ್ಕದಲ್ಲಿ ಊಟಕ್ಕೆ ಕುಳಿತವರು ನಾಡಿನ ಯಾವ ಮೂಲೆಯವರೋ. ಇನ್ನು ಬೇಸಿಗೆಗೆ ನಿಮ್ಮ ಹೋಬಳಿಯ ಶಾಸನಗಳೇ ಸಾಕು. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಿಮ್ಮ ತಾಲ್ಲೂಕಿನ ಪುಟಗಳನ್ನು ಇಳಿಸಿಕೊಂಡು ಒಂದೊಂದೇ ಕಲ್ಲನ್ನು ಹುಡುಕಿ: ಇದೆಯೇ, ಗದ್ದೆಯ ಬದುವಿನಲ್ಲಿ ಹೂತಿದೆಯೇ, ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಗೋಡೆಗೆ ಸೇರಿಹೋಗಿದೆಯೇ? ಫೋಟೊ, ಸ್ಥಳ, ಈಗಿನ ಸ್ಥಿತಿ ಬರೆದಿಡಿ. ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ತಾಗಿಸಬೇಡಿ. ಕೆಲಸಕ್ಕೆ ಮೊದಲೇ ಇತಿಹಾಸ ವಿಭಾಗದ ಒಬ್ಬ ಮೇಷ್ಟ್ರನ್ನು ಮಾರ್ಗದರ್ಶಕರಾಗಿ ಒಪ್ಪಿಸಿಕೊಂಡರೆ, ಕೊನೆಗೆ ಅದೇ ಪ್ರಾಜೆಕ್ಟ್ ವರದಿಯಾಗುತ್ತದೆ.

- ಬೆಂಗಳೂರಿಗೆ ಹೋಗುವವರು ಪಿಜಿಗೆ ಅಡ್ವಾನ್ಸ್ ಕೊಡುವ ಮೊದಲು ಕಣ್ಣಾರೆ ನೋಡಿ. ಎರಡು ತಿಂಗಳಿಗೆ ಮಾತ್ರ ಎಂಬುದನ್ನು ಮೊದಲೇ ಹೇಳಿ, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಬರೆಸಿಕೊಳ್ಳಿ. ಸಂಸ್ಥೆಯ ಹಾಸ್ಟೆಲಿನಲ್ಲಿ ಜಾಗ ಇದೆಯೇ ಎಂದು ಒಪ್ಪಿಗೆ ಪತ್ರ ಬಂದ ದಿನವೇ ಕೇಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿದೆ, ಆಧಾರ್ ಕಾರ್ಡ್ ಜೊತೆಗಿದ್ದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಓಡಾಟಕ್ಕೆ ಖರ್ಚಿಲ್ಲ.

- ಹೆಣ್ಣುಮಕ್ಕಳೇ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ತರಬೇತಿಗೆ ಹೋದವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸರ್ಟಿಫಿಕೇಟ್ ತಪ್ಪೀತು ಎಂದು ಸಹಿಸಿಕೊಳ್ಳಬೇಡಿ. ಅರ್ಧಕ್ಕೆ ಬಿಟ್ಟು ಮನೆಗೆ ಬಂದರೂ ನಿಮ್ಮ ಜೊತೆ ನಾವಿದ್ದೇವೆ.

- ಲ್ಯಾಬಿಗೆ ಕಾಲಿಟ್ಟ ದಿನದಿಂದ ದಿನಚರಿ ಬರೆಯಿರಿ: ಏನು ಮಾಡಿದೆ, ಏನು ಕೆಟ್ಟಿತು, ಯಾರನ್ನು ಕೇಳಿದೆ. ಕನ್ನಡದಲ್ಲೇ ಬರೆದರೂ ಸರಿ. ದೊಡ್ಡ ವಿಜ್ಞಾನಿ ಬಿಡುವಾಗಿ ಸಿಗುವುದು ವಾರಕ್ಕೊಮ್ಮೆ. ದಿನವೂ ಕಲಿಸುವವರು ಪಿಎಚ್.ಡಿ. ಮಾಡುತ್ತಿರುವ ಅಕ್ಕ ಅಣ್ಣಂದಿರು, ಉಪಕರಣ ನೋಡಿಕೊಳ್ಳುವ ಸಿಬ್ಬಂದಿ. ಅವರೊಂದಿಗೆ ಚಹಾ ಕುಡಿಯಲು ಹೋಗಿ.

- ಸಂಸ್ಥೆ ಬಿಡುವ ಹಿಂದಿನ ವಾರವೇ ವರದಿಯ ಕರಡು ಮಾರ್ಗದರ್ಶಕರ ಕೈಗೆ ಕೊಡಿ, ತಿದ್ದಿದ್ದನ್ನು ಅಲ್ಲಿದ್ದಾಗಲೇ ಸರಿಮಾಡಿ. ಮುಂದೆ ಎಂ.ಎಸ್ಸಿ. ಅರ್ಜಿಗೆ ಅವರ ಪತ್ರ ಬೇಕಾಗುತ್ತದೆ, ಆಗ ಕೇಳಬಹುದೇ ಎಂದು ಎದುರಿಗೇ ಕೇಳಿಬಿಡಿ. ಊರಿಗೆ ಬಂದ ಮೇಲೆ ಫಲಿತಾಂಶ ಬಂದಾಗ ಅವರಿಗೊಂದು ಇಮೇಲ್ ಹಾಕಿ.