ಕಾಕಾನ ಕ್ಯಾಂಡಿ ಕ್ರಶ್

ಸುರಪುರದ ತಂಗಿ, ಶಹಾಪುರದ ಕಾಕಾ ಫೇಸ್‌ಬುಕ್‌ನಲ್ಲಿ ದಿನಾ ಕಳಿಸುವ ಕ್ಯಾಂಡಿ ಕ್ರಶ್ ಆಟದ ಕರೆಗೆ ಬೇಸತ್ತು, ಅದನ್ನು ತಡೆಯಲು ಯಾರೋ ಕೊಟ್ಟ ಸ್ಕ್ರಿಪ್ಟ್ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಟ್ಯಾಂಪರ್‌ಮಂಕಿಯಂಥ ಎಕ್ಸ್‌ಟೆನ್ಶನ್‌ನಲ್ಲಿ ಓಡುವ ಸ್ಕ್ರಿಪ್ಟ್ ಅದನ್ನು ಹಾಕಿದ ಬ್ರೌಸರಿಗಷ್ಟೇ ಸೀಮಿತ, ಮೊಬೈಲಿನ ಫೇಸ್‌ಬುಕ್ ಆ್ಯಪ್‌ನಲ್ಲಿ ಅದರ ಆಟ ನಡೆಯದು. ಮೇಲಾಗಿ, ಪುಟದಲ್ಲಿ ನಿಮಗೆ ಕಾಣುವ ಖಾಸಗಿ ಸಂದೇಶ ಅದಕ್ಕೂ ಕಾಣುತ್ತದೆ. ಬರೆದವರು ಯಾರೋ ಏನೋ.

ಅದರ ಬದಲು ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ‘ಬ್ಲಾಕಿಂಗ್’ ತೆರೆದು, ‘ಬ್ಲಾಕ್ ಆ್ಯಪ್ ಇನ್ವೈಟ್ಸ್’ನಲ್ಲಿ ಕಾಕಾನ ಹೆಸರು ಸೇರಿಸಿ. ಕರೆ ಮಾತ್ರ ನಿಲ್ಲುತ್ತದೆ. ಅವರು ಫ್ರೆಂಡ್ ಪಟ್ಟಿಯಲ್ಲೇ ಇರುತ್ತಾರೆ. ಯಾದಗಿರಿಯ ಗೆಳತಿಯರೂ ಶುರು ಮಾಡಿದರೆ ‘ಬ್ಲಾಕ್ ಆ್ಯಪ್ಸ್’ನಲ್ಲಿ ಆ ಆಟವನ್ನೇ ಹಾಕಿ. ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಈಗಾಗಲೇ ಹಾಕಿಸಿದ್ದರೆ ಇವತ್ತೇ ತೆಗೆಸಿ, ಪಾಸ್‌ವರ್ಡ್ ಬದಲಿಸಿ.