ಮನೆಯ ಮೀನುತೊಟ್ಟಿಯಲ್ಲಿ ಮೀನುಗಳ ಸಾವು: ಕಾರಣವನ್ನು ಪತ್ತೆಹಚ್ಚುವ ಬಗೆ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವುದು ನಗರವಾಸಿಗಳಿಗೆ ಪ್ರಿಯವಾದ ಹವ್ಯಾಸವಾಗಿದೆ. ಚೆನ್ನೈ ನಗರಕ್ಕೂ ಈ ಹವ್ಯಾಸಕ್ಕೂ ಹಳೆಯ ನಂಟಿದೆ. 1909ರಲ್ಲಿಯೇ ಅಲ್ಲಿನ ಮರೀನಾ ಕಡಲತೀರದಲ್ಲಿ ಸಾರ್ವಜನಿಕ ಮತ್ಸ್ಯಾಗಾರವೊಂದು ಆರಂಭವಾಗಿತ್ತು. ಇಂದು ನಗರದ ಉತ್ತರ ಭಾಗದ ಕೊಳತ್ತೂರು ಅಲಂಕಾರಿಕ ಮೀನುಗಳ ಸಾಕಣೆ ಮತ್ತು ಮಾರಾಟಕ್ಕೆ ಹೆಸರಾಗಿದೆ. ಗೋಲ್ಡ್ ಫಿಶ್, ಗಪ್ಪಿ, ಮೋಲಿ, ಏಂಜೆಲ್, ಫೈಟರ್ ಮೊದಲಾದ ಸಿಹಿನೀರಿನ ಮೀನುಗಳು ಅಲ್ಲಿಂದ ಸಾವಿರಾರು ಮನೆಗಳನ್ನು ಸೇರುತ್ತವೆ.

ಆದರೆ ಹೀಗೆ ತಂದ ಮೀನುಗಳು ಮೈಮೇಲೆ ಯಾವ ಗಾಯವೂ, ರೋಗದ ಗುರುತೂ ಇಲ್ಲದೆ ಒಂದೊಂದಾಗಿ ಅಥವಾ ಒಮ್ಮೆಗೇ ಸಾಯುವುದುಂಟು. ಮನೆಗೆ ಬರಲಿದ್ದ ಕೇಡನ್ನು ಮೀನು ತಾನೇ ಹೊತ್ತುಕೊಂಡು ಹೋಯಿತೆಂಬ ನಂಬಿಕೆಯೂ ಕೆಲವು ಮನೆಗಳಲ್ಲಿದೆ. ಈ ಸಮಾಧಾನದಲ್ಲಿ ನಿಜವಾದ ಕಾರಣ ಮರೆಯಾಗುತ್ತದೆ. ಅದೇ ತೊಟ್ಟಿಗೆ ಹೊಸ ಮೀನುಗಳನ್ನು ತಂದು ಬಿಡಲಾಗುತ್ತದೆ, ಅವೂ ಸಾಯುತ್ತವೆ. ಇಂತಹ ಸಾವುಗಳಲ್ಲಿ ಹೆಚ್ಚಿನವುಗಳ ಕಾರಣ ರೋಗವಲ್ಲ, ನೀರು. ಆ ಕಾರಣವನ್ನು ಕ್ರಮವಾಗಿ ಹುಡುಕಿದರೆ ಉಳಿದ ಮೀನುಗಳನ್ನು ಕಾಪಾಡಲು ಸಾಧ್ಯವಿದೆ.

ಸಾವಿನ ಸಮಯವೇ ಮೊದಲ ಸುಳಿವು

ಔಷಧಿ ಹಾಕುವುದಕ್ಕೆ ಮೊದಲು ಮೀನುಗಳು ಯಾವಾಗ, ಎಷ್ಟು, ಯಾವ ಜಾತಿಯವು ಸತ್ತವು ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

1. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರಗಳೊಳಗೆ ಒಂದೊಂದಾಗಿ ಸತ್ತರೆ ಅಮೋನಿಯಾ ಅಥವಾ ನೈಟ್ರೈಟ್ ಕಾರಣವಿರಬಹುದು.
2. ನಸುಕಿನಲ್ಲಿ ಅಥವಾ ವಿದ್ಯುತ್ ನಿಂತ ಬಳಿಕ ಸತ್ತರೆ ಆಮ್ಲಜನಕದ ಕೊರತೆಯನ್ನು ಶಂಕಿಸಬೇಕು.
3. ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಸತ್ತರೆ ಹೊಸ ನೀರನ್ನು ಪರೀಕ್ಷಿಸಬೇಕು.
4. ಎಲ್ಲ ಜಾತಿಯ ಮೀನುಗಳೂ ದಿಕ್ಕೆಟ್ಟು ಓಡಾಡಿ, ಸುರುಳಿ ಸುತ್ತಿ, ಒಮ್ಮೆಗೇ ಸತ್ತರೆ ಹೊರಗಿನ ವಿಷ ಸೇರಿರುವ ಸಂಭವವಿದೆ.
5. ಹೊಸ ಮೀನು ತಂದ ಕೆಲವು ದಿನಗಳ ನಂತರ ಹಳೆಯವು ಸಾಯತೊಡಗಿದರೆ ಸೋಂಕು ಬಂದಿರಬಹುದು.

ಹೊಸ ತೊಟ್ಟಿಯ ಅಪಾಯ

ಮೀನುಗಳ ಕಿವಿರುಗಳಿಂದ ಹೊರಬೀಳುವ ತ್ಯಾಜ್ಯ ಮತ್ತು ಉಳಿದ ಆಹಾರದ ಕೊಳೆಯುವಿಕೆಯಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಇದು ಕಣ್ಣಿಗೆ ಕಾಣದು. ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದರಲ್ಲಿ ಮಾರಕ ಪ್ರಮಾಣದ ಅಮೋನಿಯಾ ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ತಳದ ಜಲ್ಲಿಯಲ್ಲಿ ಇವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರೊಳಗೆ ತೊಟ್ಟಿಯ ತುಂಬ ಮೀನು ಬಿಟ್ಟರೆ ಅನಾಹುತ ಖಚಿತ.

ನೈಟ್ರೈಟ್ ಮೀನಿನ ರಕ್ತವನ್ನು ಸೇರಿ ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ಕಿವಿರುಗಳು ಕಂದುಬಣ್ಣಕ್ಕೆ ತಿರುಗುವುದು, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಏದುಸಿರು ಬಿಡುವುದು ಇದರ ಲಕ್ಷಣ. ಫಿಲ್ಟರನ್ನು ನಲ್ಲಿಯ ನೀರಿನಲ್ಲಿ ಉಜ್ಜಿ ತೊಳೆದರೆ ಕ್ಲೋರಿನ್ ತಾಗಿ ಬ್ಯಾಕ್ಟೀರಿಯಾಗಳು ನಾಶವಾಗಿ, ಹಳೆಯ ತೊಟ್ಟಿಯಲ್ಲಿಯೂ ಇದೇ ಸ್ಥಿತಿ ಮರುಕಳಿಸಬಹುದು. ಆದ್ದರಿಂದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಗುರವಾಗಿ ಹಿಂಡಿ ತೊಳೆಯಬೇಕು.

ಬೇಸಿಗೆ ಮತ್ತು ಆಮ್ಲಜನಕ

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಶಾಖ ಏರಿದಂತೆ ಮೀನಿನ ಆಮ್ಲಜನಕದ ಅಗತ್ಯ ಮಾತ್ರ ಹೆಚ್ಚುತ್ತದೆ. ರಾತ್ರಿಯಲ್ಲಿ ಜಲಸಸ್ಯಗಳೂ ಆಮ್ಲಜನಕವನ್ನೇ ಬಳಸುವುದರಿಂದ ನಸುಕಿನ ಹೊತ್ತಿಗೆ ಕೊರತೆ ತೀವ್ರವಾಗಿರುತ್ತದೆ.

ಮೀನುಗಳು ಮೇಲ್ಮೈಗೆ ಬಂದು ಬಾಯಿ ಆಡಿಸುವುದು ಮೊದಲ ಎಚ್ಚರಿಕೆ. ಮೇಲಿನ ಗಾಳಿಯನ್ನು ಉಸಿರಾಡಬಲ್ಲ ಫೈಟರ್, ಗೌರಾಮಿ ಮೀನುಗಳು ಬದುಕುಳಿದು ಉಳಿದವು ಮಾತ್ರ ಸತ್ತಿದ್ದರೆ ಆಮ್ಲಜನಕದ ಕೊರತೆಯ ಸಂಶಯ ಬಲಗೊಳ್ಳುತ್ತದೆ.

ಚೆನ್ನೈಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು. 2016ರ ಡಿಸೆಂಬರಿನ ವರ್ದಾ ಚಂಡಮಾರುತ ಮತ್ತು 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತಗಳ ನಂತರ ನಗರದ ಹಲವು ಭಾಗಗಳಲ್ಲಿ ವಿದ್ಯುತ್ ಸರಬರಾಜು ದೀರ್ಘಕಾಲ ನಿಂತಿತ್ತು. ಇಂತಹ ಸಂದರ್ಭಗಳಿಗಾಗಿ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳುವುದು ಲೇಸು. ಅದಿಲ್ಲದಿದ್ದರೆ ಲೋಟದಲ್ಲಿ ತೊಟ್ಟಿಯ ನೀರನ್ನು ಎತ್ತಿ ಮೇಲಿನಿಂದ ಮತ್ತೆ ಮತ್ತೆ ಸುರಿಯಬಹುದು. ವಿದ್ಯುತ್ ಹಲವು ಗಂಟೆಗಳ ಕಾಲ ಇಲ್ಲದಿದ್ದರೆ ಮುಚ್ಚಿದ ಫಿಲ್ಟರಿನೊಳಗೆ ಕೊಳೆತ ನೀರು ನಿಂತಿರುತ್ತದೆ. ಅದನ್ನು ತೊಳೆಯದೆ ಮತ್ತೆ ಚಾಲನೆ ಮಾಡಬಾರದು.

ಹೊಸ ನೀರು, ಹೊಸ ಗುಣ

ಚೆನ್ನೈಯ ನೀರು ಒಂದೇ ಮೂಲದಿಂದ ಬರುವುದಲ್ಲ. ಪೂಂಡಿ, ಚೋಳವರಂ, ಪುಳಲ್ ಮತ್ತು ಚೆಂಬರಂಬಾಕ್ಕಂ ಜಲಾಶಯಗಳ ಜೊತೆಗೆ 1996ರಿಂದ ಕೃಷ್ಣಾ ನದಿಯ ನೀರು, 2004ರಿಂದ ವೀರಾಣಂ ಕೆರೆಯ ನೀರು, 2010ರಿಂದ ಸಮುದ್ರದ ಉಪ್ಪುನೀರನ್ನು ಶುದ್ಧೀಕರಿಸಿದ ನೀರು ನಗರಕ್ಕೆ ಒದಗುತ್ತಿವೆ. ಇವಲ್ಲದೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆಯೂ ಇದೆ. 2019ರ ಬೇಸಿಗೆಯಲ್ಲಿ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿಹೋದಾಗ ಜನರು ಟ್ಯಾಂಕರುಗಳನ್ನೇ ನೆಚ್ಚಬೇಕಾಯಿತು. ಹೀಗೆ ಮೂಲ ಬದಲಾದರೆ ನೀರಿನ ಗಡಸುತನ, ಉಪ್ಪಿನಂಶ ಮತ್ತು ಪಿ.ಎಚ್. ಕೂಡ ಬದಲಾಗಬಹುದು. ಮನುಷ್ಯರಿಗೆ ತಿಳಿಯದ ಈ ವ್ಯತ್ಯಾಸ ಮೀನಿಗೆ ದೊಡ್ಡ ಆಘಾತವಾಗಬಲ್ಲದು.

ಕುಡಿಯುವ ನೀರಿನ ಸುರಕ್ಷತೆಗೆ ಬೆರೆಸುವ ಕ್ಲೋರಿನ್ ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿನ ಕಿವಿರುಗಳನ್ನು ಸುಡುತ್ತದೆ. ನೀರನ್ನು ಅಗಲಬಾಯಿಯ ಬಕೆಟ್ಟಿನಲ್ಲಿ ತುಂಬಿ, ಏರ್ ಪಂಪ್ ಚಾಲನೆಯಲ್ಲಿಟ್ಟು 24 ಗಂಟೆ ಬಿಟ್ಟರೆ ಕ್ಲೋರಿನ್ ಹೊರಹೋಗುತ್ತದೆ. ತುರ್ತಿನಲ್ಲಿ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕವನ್ನು ಅದರ ಚೀಟಿಯಲ್ಲಿ ಸೂಚಿಸಿದ ಪ್ರಮಾಣದಲ್ಲಿ ಬಳಸಬಹುದು. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದುಂಟು. ಅದನ್ನೂ ಇದೇ ರೀತಿ ಗಾಳಿಯಾಡಿಸಿದ ನಂತರವೇ ಬಳಸತಕ್ಕದ್ದು.

ಬಹುಕಾಲ ನೀರು ಬದಲಿಸದ ತೊಟ್ಟಿಯಲ್ಲಿ ಇನ್ನೊಂದು ಅಪಾಯ ಅಡಗಿರುತ್ತದೆ. ಅಲ್ಲಿ ನೀರು ಕ್ರಮೇಣ ಆಮ್ಲೀಯವಾಗುತ್ತದೆ. ಸಂಗ್ರಹವಾದ ಅಮೋನಿಯಾದ ಬಹುಭಾಗ ಅಪಾಯ ಕಡಿಮೆಯಿರುವ ಅಮೋನಿಯಂ ರೂಪದಲ್ಲಿರುತ್ತದೆ. ಪಿ.ಎಚ್. ಒಂದು ಅಂಕ ಏರಿದರೆ ವಿಷರೂಪದ ಅಮೋನಿಯಾದ ಪಾಲು ಸುಮಾರು ಹತ್ತುಪಟ್ಟು ಹೆಚ್ಚುತ್ತದೆ. ತೊಟ್ಟಿ ಕೊಳಕಾಯಿತೆಂದು ಒಂದೇ ದಿನ ಹೆಚ್ಚಿನ ನೀರನ್ನು ತೆಗೆದು ಕ್ಷಾರೀಯ ನೀರನ್ನು ತುಂಬಿದಾಗ ಮೀನುಗಳು ಸಾಯಲು ಇದೇ ಕಾರಣವಾಗಬಹುದು. ಇಲ್ಲಿ ಶುಚಿಗೊಳಿಸಿದ್ದು ತಪ್ಪಲ್ಲ, ಅವಸರ ತಪ್ಪು. ಇಂತಹ ತೊಟ್ಟಿಯ ನೀರನ್ನು ದಿನಕ್ಕೆ ಹತ್ತನೇ ಒಂದು ಭಾಗದಂತೆ ಹಲವು ದಿನಗಳಲ್ಲಿ ಬದಲಿಸಬೇಕು.

ಗಾಳಿಯಿಂದ ಬರುವ ವಿಷ

ಸೊಳ್ಳೆಬತ್ತಿ, ದ್ರವರೂಪದ ಸೊಳ್ಳೆ ನಿವಾರಕ ಮತ್ತು ಜಿರಲೆ ಸಿಂಪಡಣೆಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಮೀನುಗಳಿಗೆ ಅತ್ಯಂತ ವಿಷಕಾರಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುವುದರಿಂದ ತೊಟ್ಟಿಯಿರುವ ಕೋಣೆಯಲ್ಲಿ ಇವುಗಳನ್ನು ಬಳಸಬಾರದು. ಹೊಸ ಬಣ್ಣ ಅಥವಾ ವಾರ್ನಿಷ್ ಬಳಿಯುವಾಗಲೂ ಎಚ್ಚರ ಅಗತ್ಯ. ಸೋಪು ತೊಳೆದ ಬಕೆಟ್ಟನ್ನು ತೊಟ್ಟಿಯ ಕೆಲಸಕ್ಕೆ ಬಳಸದೆ ಪ್ರತ್ಯೇಕ ಬಕೆಟ್ಟನ್ನು ಮೀಸಲಿಡಬೇಕು.

ರೋಗದ ಸಂಶಯ

ಮೈಮೇಲೆ ರವೆಯಂತಹ ಬಿಳಿ ಚುಕ್ಕೆಗಳು, ಕೊಳೆತ ರೆಕ್ಕೆಗಳು, ಹತ್ತಿಯಂತಹ ಬೂಷ್ಟು, ಎದ್ದುನಿಂತ ಹುರುಪೆಗಳು ಕಂಡರೆ ಮಾತ್ರ ರೋಗವೆಂದು ಭಾವಿಸಿ, ತಿಳಿದವರ ಸಲಹೆಯಂತೆ ಚಿಕಿತ್ಸೆ ನೀಡಬೇಕು. ಗುರುತಿಲ್ಲದ ರೋಗಕ್ಕೆ ಔಷಧಿ ಹಾಕಿದರೆ ಫಿಲ್ಟರಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಹಾನಿಯಾಗಿ ಇದ್ದ ತೊಂದರೆ ಇಮ್ಮಡಿಯಾದೀತು. ಹೊಸ ಮೀನುಗಳನ್ನು 2ರಿಂದ 3 ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದು ಉತ್ತಮ ಮುಂಜಾಗ್ರತೆ.

ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

1. ಸತ್ತ ಮೀನನ್ನು ತಕ್ಷಣ ತೆಗೆದು ಮಣ್ಣಿನಲ್ಲಿ ಹೂಳಬೇಕು. ಕೆರೆ, ಕಾಲುವೆಗಳಿಗೆ ಎಸೆಯಬಾರದು. ಬದುಕಿರುವ ಮೀನುಗಳನ್ನೂ ಅಲ್ಲಿಗೆ ಬಿಡಬಾರದು.
2. ಗಾಳಿಯಾಡುವಿಕೆಯನ್ನು ಹೆಚ್ಚಿಸಬೇಕು, ಆಹಾರವನ್ನು ಒಂದೆರಡು ದಿನ ನಿಲ್ಲಿಸಬೇಕು.
3. ಮೀನು ಸಾಮಗ್ರಿಗಳ ಅಂಗಡಿಯಲ್ಲಿ ದೊರೆಯುವ ಪರೀಕ್ಷಾ ಸಾಧನದಿಂದ ಅಮೋನಿಯಾ, ನೈಟ್ರೈಟ್ ಮತ್ತು ಪಿ.ಎಚ್. ನೋಡಬೇಕು. ಮೊದಲ ಎರಡು ಶೂನ್ಯವಾಗಿರಬೇಕು. ನಲ್ಲಿಯ ನೀರನ್ನೂ ಪರೀಕ್ಷಿಸಿ ಹೋಲಿಸಬೇಕು.
4. ಪಿ.ಎಚ್.ನಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ, ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರಿನಿಂದ ತೊಟ್ಟಿಯ ನಾಲ್ಕನೇ ಒಂದು ಭಾಗವನ್ನು ಬದಲಿಸಬೇಕು.
5. ಕೀಟನಾಶಕದ ಸಂಶಯವಿದ್ದರೆ ಪಂಪನ್ನು ಶುದ್ಧಗಾಳಿಯಿರುವ ಕಡೆಗೆ ಸರಿಸಿ, ಫಿಲ್ಟರಿಗೆ ಸಕ್ರಿಯ ಇದ್ದಿಲನ್ನು ಸೇರಿಸಬೇಕು.
6. ಕಾರಣ ತಿಳಿಯುವವರೆಗೆ ಹೊಸ ಮೀನುಗಳನ್ನು ತರಬಾರದು.

ನೀರು ಬದಲಿಸಿದ ದಿನ, ನೀರಿನ ಮೂಲ, ಹೊಸ ಮೀನು ತಂದ ದಿನ ಮತ್ತು ಸಾವಿನ ಸಮಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಬಹು ಪ್ರಯೋಜನಕಾರಿ. ಮನೆಯ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಬಹುದು. ಕಾರಣವಿಲ್ಲದೆ ಸಂಭವಿಸಿದಂತೆ ತೋರುವ ಸಾವುಗಳ ಹಿಂದಿನ ಕ್ರಮ ಆ ಬರಹದಲ್ಲಿ ಬೆಳಕಿಗೆ ಬರುತ್ತದೆ. ತನ್ನ ತೊಂದರೆಯನ್ನು ಹೇಳಿಕೊಳ್ಳಲಾರದ ಜೀವಿಯನ್ನು ಸಾಕುವವರಿಗೆ ಈ ಎಚ್ಚರವೂ ಒಂದು ಕರ್ತವ್ಯವಾಗಿದೆ.